ಕಾಡಿಲ್ಲದ ಊರಿಗೆ ಉಣ್ಣಿ ಜ್ವರ ಬಾರದೆಂದವರಾರು?

ಉಣ್ಣಿಯಿಂದ ಮನುಷ್ಯರಿಗೂ ಜ್ವರ ಬರುತ್ತದೆ ಎಂದು ವಿಜಯಪುರ ಜಿಲ್ಲೆಯ ಇಂಡಿಯಲ್ಲೋ ಸಿಂದಗಿಯಲ್ಲೋ ನಾಲ್ಕು ಜನ ಕೂತಲ್ಲಿ ಹೇಳಿ ನೋಡಿ. ಒಂದೇ ಮಾತಿನಲ್ಲಿ ನಿಮ್ಮನ್ನು ಮಲೆನಾಡಿಗೆ ಸಾಗಹಾಕುತ್ತಾರೆ: "ಅದು ಮಂಗನ ಕಾಯಿಲೆ ಅಲ್ರೀ? ಸಾಗರ, ಸೊರಬದ ಕಡೀದು. ನಮ್ಮಲ್ಲಿ ಅಡವಿ ಎಲ್ಲೈತಿ?" ಮುದ್ದೇಬಿಹಾಳಕ್ಕೆ ಹೋಗಿ, ಬಸವನ ಬಾಗೇವಾಡಿಗೆ ಹೋಗಿ, ಉತ್ತರ ಬದಲಾಗದು. ಸ್ವಲ್ಪ ಓದಿದವರಾದರೆ ಇನ್ನೊಂದು ಮಾತು ಕೂಡಿಸುತ್ತಾರೆ: ನಮ್ಮ ಕಡೆ ಉಣ್ಣಿ ಎಂದರೆ ದನದ ಕಾಟ, ಅದನ್ನು ಪಶು ವೈದ್ಯರು ನೋಡಿಕೊಳ್ಳಲಿ.

ಕೇಳಲು ಎಷ್ಟು ಸರಾಗ! ಕಾಡಿಲ್ಲ, ಆದ್ದರಿಂದ ಕಾಡಿನ ರೋಗವಿಲ್ಲ. ದನಕ್ಕೆ ಹತ್ತುವ ಹುಳ, ಆದ್ದರಿಂದ ದನದ್ದೇ ರೋಗ. ಎರಡೂ ತಪ್ಪು. ತಿಳಿವಳಿಕೆಯ ತಪ್ಪಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದರ ದಂಡ ಕಟ್ಟುವವರು ಮಕ್ಕಳು. ಜ್ವರ ಬಂದು ಐದು ದಿನವಾಗಿ, ಅಂಗೈ ಅಂಗಾಲಿನಲ್ಲಿ ಕೆಂಪು ಚುಕ್ಕೆ ಎದ್ದ ಮೇಲೂ ಟೈಫಾಯ್ಡಿನ ಸೂಜಿ ಮಾಡಿಸಿಕೊಳ್ಳುವ ಮಕ್ಕಳು. ಕೆಲವು ರೂಪಾಯಿಯ ಗುಳಿಗೆ ಸಮಯಕ್ಕೆ ಸಿಕ್ಕಿದ್ದರೆ ಅಷ್ಟರಲ್ಲಿ ಎದ್ದು ಓಡಾಡಬಹುದಾಗಿದ್ದ ಮಕ್ಕಳು.

ಮಂಗನ ಕಾಯಿಲೆಯ ಮಾತನ್ನು ಮೊದಲೇ ಮುಗಿಸೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು, ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದಕ್ಕೆ ಕಾರಣವಾದ ವೈರಸ್ಸನ್ನು ಗುರುತಿಸಿದರು. ಅಂದಿನಿಂದ ಉಣ್ಣಿ ಜ್ವರ ಎಂದರೆ ಕನ್ನಡಿಗರ ಕಣ್ಣೆದುರು ಬರುವುದು ದಟ್ಟ ಕಾಡು, ಸತ್ತ ಮಂಗ, ದರಗು ಗುಡಿಸಲು ಹೋದ ರೈತ. ಆ ಕಾಯಿಲೆಗೆ ಸಿಕ್ಕ ಗಮನ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಮಲೆನಾಡಿನವರಿಗೆ ಇನ್ನಷ್ಟು ಸಲ್ಲಬೇಕು. ಆದರೆ ಅದು ವೈರಸ್ಸಿನ ಕಾಯಿಲೆ, ಅದನ್ನೇ ಗುರಿಯಾಗಿಸಿದ ಮದ್ದು ಇನ್ನೂ ಇಲ್ಲ. ಉಣ್ಣಿ ಹೊತ್ತು ತರುವ ಬ್ಯಾಕ್ಟೀರಿಯಾಗಳ ದಾರಿಯೇ ಬೇರೆ. ಅವಕ್ಕೆ ಮಂಗ ಬೇಕಿಲ್ಲ, ಮಳೆಕಾಡು ಬೇಕಿಲ್ಲ, ಮತ್ತು ಅವಕ್ಕೆ ಮದ್ದಿದೆ. ಮದ್ದಿಲ್ಲದ ರೋಗದ ಹೆಸರು ಮನೆಮಾತಾಗಿದೆ, ಮದ್ದಿರುವ ರೋಗದ ಹೆಸರು ದವಾಖಾನೆಯ ಚೀಟಿಯಲ್ಲಿ ಕಾಣುವುದೇ ಅಪರೂಪ.

ರಿಕೆಟ್ಸಿಯಾ ಕೊನೊರಿ ಎಂಬುದು ಇವುಗಳಲ್ಲೊಂದು. ಅದು ತರುವ ಜ್ವರವನ್ನು ವೈದ್ಯಗ್ರಂಥಗಳು ಇಂಡಿಯನ್ ಟಿಕ್ ಟೈಫಸ್ ಎನ್ನುತ್ತವೆ. ಉಣ್ಣಿಯಿಂದ ಹರಡುತ್ತಿರಬಹುದಾದ ಟೈಫಸ್ಸಿನಂಥ ಜ್ವರವೊಂದು ಭಾರತದಲ್ಲಿದೆ ಎಂದು ಬ್ರಿಟಿಷರ ಕಾಲದ ವೈದ್ಯ ಮೆಗಾ 1921ರಲ್ಲೇ ಇಂಡಿಯನ್ ಮೆಡಿಕಲ್ ಗೆಜೆಟ್ಟಿನಲ್ಲಿ ಬರೆದಿದ್ದರು. ನೂರು ವರ್ಷದ ಹಿಂದೆ ಅಚ್ಚಾದ ಸಂಗತಿಯನ್ನು ಇವತ್ತು ಹೊಸ ಸುದ್ದಿ ಎಂಬಂತೆ ಹೇಳಬೇಕಾಗಿದೆ.

ಈ ಬ್ಯಾಕ್ಟೀರಿಯಾವನ್ನು ಹೊರುವುದರಲ್ಲಿ ಮುಂದಿರುವುದು ಕಂದು ಬಣ್ಣದ ನಾಯಿ ಉಣ್ಣಿ. ಅದಕ್ಕೆ ಗಿಡಮರದ ಹಂಗಿಲ್ಲ. ನಾಯಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಕಚ್ಚಿಕೊಂಡು ರಕ್ತ ಹೀರಿ, ಹೊಟ್ಟೆ ತುಂಬಿದ ಮೇಲೆ ಕೆಳಗುದುರಿ, ಗೋಡೆ ಹತ್ತಿ ಬಿರುಕು ಸೇರುತ್ತದೆ. ಅಲ್ಲಿಯೇ ಸಾವಿರಾರು ಮೊಟ್ಟೆ ಇಡುತ್ತದೆ. ತಾಯಿಯ ಮೈಯಲ್ಲಿದ್ದ ಬ್ಯಾಕ್ಟೀರಿಯಾ ಮೊಟ್ಟೆಗೂ ದಾಟುವುದರಿಂದ ಮರಿಗಳು ಹುಟ್ಟುತ್ತಲೇ ಅದನ್ನು ಹೊತ್ತಿರಬಹುದು. ಅವು ಹಸಿದು ಹೊರಬಂದಾಗ ಹುಡುಕುವುದು ಇನ್ನೊಂದು ನಾಯಿಯನ್ನು. ನಾಯಿ ಸಿಗದಿದ್ದರೆ ಅದು ಮಲಗುವ ಜಾಗದಲ್ಲೇ ಆಡುವ ಮಗು ಇರುತ್ತದೆ.

ಈಗ ನಮ್ಮ ಹಳ್ಳಿಯ ಮನೆ ನೆನೆಯಿರಿ. ಕಲ್ಲು ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಹಳೆಯ ಮನೆಯಾದರೆ ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಪಡಸಾಲೆ. ತೋಟದ ಮನೆಯಾದರೆ ಹೊರಸಿನ ಮೇಲೆ ಮಕ್ಕಳು, ಕೆಳಗೆ ನಾಯಿ. ಕುರಿ ಹಿಂಡಿನ ಸಂಗಡ ಹೊಲದಿಂದ ಹೊಲಕ್ಕೆ ತಿಂಗಳುಗಟ್ಟಲೆ ತಿರುಗುವ ಕುರುಬರ ಸಂಸಾರಕ್ಕೆ ರಾತ್ರಿಯ ಕಾವಲು ನಾಯಿಯದೇ. ಕಬ್ಬು ಕಡಿಯಲು ಗುಳೆ ಹೋದವರು ಎತ್ತು, ಕೂಸು, ನಾಯಿ ಎಲ್ಲವನ್ನೂ ಒಂದೇ ಗುಡಿಸಲಿನ ಸುತ್ತ ಇಟ್ಟುಕೊಂಡಿರುತ್ತಾರೆ. ಈ ಉಣ್ಣಿಗೆ ಬೇಕಾದುದೆಲ್ಲ ಇಲ್ಲಿದೆ. ಇಲ್ಲದಿರುವ ಕಾಡನ್ನು ತೋರಿಸಿ ಧೈರ್ಯ ಹೇಳಿಕೊಳ್ಳುವುದರಲ್ಲಿ ಏನರ್ಥ?

ಒಣ ನೆಲದಲ್ಲಿ ಇಂಥ ಜ್ವರ ನಿಲ್ಲುವುದೇ ಎಂದು ಕೇಳುವವರು ಅಮೆರಿಕದ ಅರಿಜೋನಾವನ್ನು ನೋಡಬೇಕು. ಅಲ್ಲಿನವರೂ ಬಹಳ ಕಾಲ ನಮ್ಮಂತೆಯೇ ನಂಬಿದ್ದರು. ರಾಕಿ ಮೌಂಟನ್ ಸ್ಪಾಟೆಡ್ ಫೀವರ್ ಎಂಬ ಜ್ವರ ನಮ್ಮ ರಿಕೆಟ್ಸಿಯಾದ ದಾಯಾದಿಯಿಂದ ಬರುವಂಥದು. ಅದನ್ನು ಉಣ್ಣಿ ಹರಡುತ್ತದೆಂದು ಹೋವರ್ಡ್ ರಿಕೆಟ್ಸ್ 1906ರಲ್ಲಿ ತೋರಿಸಿದ್ದರು. ಅದನ್ನು ತರುವುದು ಬೆಟ್ಟ, ಪೊದೆ, ಹುಲ್ಲುಗಾವಲುಗಳ ಉಣ್ಣಿ ಎಂದೇ ಪ್ರಸಿದ್ಧಿ. ಅರಿಜೋನಾದ ಬೆಂಗಾಡಿನಲ್ಲಿ ಆ ಉಣ್ಣಿಯಿಲ್ಲ, ಆದ್ದರಿಂದ ಜ್ವರವೂ ಇಲ್ಲ ಎಂದುಕೊಂಡಿದ್ದರು. 2000ದ ದಶಕದ ಆರಂಭದಲ್ಲಿ ಅಲ್ಲಿನ ಮೂಲನಿವಾಸಿಗಳ ಹಳ್ಳಿಗಳಲ್ಲಿ ಮಕ್ಕಳು ಸತ್ತಾಗ ಹುಡುಕಿದರೆ ಸಿಕ್ಕಿದ್ದು ಇದೇ ಕಂದು ನಾಯಿ ಉಣ್ಣಿ, ಮನೆಗಳ ಸುತ್ತ, ಬೀದಿನಾಯಿಗಳ ಮೈಮೇಲೆ. ನಾಯಿಗಳಿಗೆ ಔಷಧದ ಪಟ್ಟಿ ಕಟ್ಟಿ, ಅಂಗಳಕ್ಕೆ ಮದ್ದು ಸಿಂಪಡಿಸಿದ ಮೇಲೆ ಉಣ್ಣಿ ಇಳಿಯಿತು. ಅಲ್ಲಿಯೂ ಜನರ ಕಣ್ಣು ಕಟ್ಟಿದ್ದು ರೋಗ ಎಲ್ಲಿರುತ್ತದೆಂದು ಮನಸ್ಸಿನಲ್ಲೇ ಬರೆದುಕೊಂಡ ನಕ್ಷೆ.

ಅಷ್ಟು ದೂರವಾದರೂ ಯಾಕೆ? ವಿದರ್ಭದ ಅಕೋಲಾ ನಮ್ಮಂತೆಯೇ ಎರೆ ಮಣ್ಣಿನ ಸೀಮೆ, ಹತ್ತಿ ಬೆಳೆಯುವ ನಾಡು. ಅಲ್ಲಿನ ಮಕ್ಕಳ ವೈದ್ಯ ನರೇಂದ್ರ ರಾಠಿ ಮತ್ತು ಸಂಗಡಿಗರು ಈ ಜ್ವರವನ್ನು ಬೇಗ ಹಿಡಿಯಲು ಅಂಕಪಟ್ಟಿಯೊಂದನ್ನು ಮಾಡಿ 2011ರಲ್ಲಿ ಇಂಡಿಯನ್ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳ್ಳಿಯ ವಾಸ, ಸಾಕುಪ್ರಾಣಿ, ಉಣ್ಣಿಯ ಸಹವಾಸ, ಅಂಗೈ ಅಂಗಾಲಿನ ಚುಕ್ಕೆ, ಪಾದದ ಬಾವು, ಹೀಗೆ ಒಂದೊಂದಕ್ಕೂ ಅಂಕ. ಕಣ್ಣು ಮತ್ತು ಕಿವಿ ಇದ್ದರೆ ಸಾಕು, ಇವನ್ನು ನೋಡಲು ಯಂತ್ರ ಬೇಡ. ಭೀಮಾ ನದಿ ದಾಟಿದರೆ ಸಿಗುವ ಸೊಲ್ಲಾಪುರದ ವೈದ್ಯರೂ ಮಕ್ಕಳ ರಿಕೆಟ್ಸಿಯಾ ಜ್ವರದ ಬಗ್ಗೆ ಬರೆದಿದ್ದಾರೆ. ಇಂಡಿಯ ರೋಗಿ ಚಿಕಿತ್ಸೆಗೆ ಹೊಳೆ ದಾಟಿ ಸೊಲ್ಲಾಪುರಕ್ಕೆ ಹೋಗಬಲ್ಲ. ಸೊಲ್ಲಾಪುರದ ಜ್ವರ ಮಾತ್ರ ಹೊಳೆ ದಾಟಿ ಇಂಡಿಗೆ ಬಾರದಂತೆ!

ಬಿಸಿಲು ಉಣ್ಣಿಯನ್ನು ಸುಟ್ಟುಹಾಕುತ್ತದೆ ಎಂಬ ನಂಬಿಕೆಯೂ ಇದರ ಜೊತೆಗಿದೆ. 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಸಂಶೋಧಕರು ನಾಯಿ ಉಣ್ಣಿಯ ಎದುರು ಒಂದು ಕಡೆ ನಾಯಿ, ಇನ್ನೊಂದು ಕಡೆ ಮನುಷ್ಯನನ್ನು ಇರಿಸಿ ಅದು ಯಾರ ವಾಸನೆ ಹಿಡಿದು ಹೋಗುತ್ತದೆಂದು ನೋಡಿದರು. ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒಲವು ನಾಯಿಯ ಕಡೆ. 38 ಡಿಗ್ರಿಗೆ ಏರಿಸಿದಾಗ ಉಷ್ಣವಲಯದ ಬಳಗದ ಉಣ್ಣಿಗಳು ಮನುಷ್ಯನತ್ತ ತಿರುಗಿದವು. ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ಯಾರಿಗೂ ಹೊಸತಲ್ಲ. ನಮ್ಮನ್ನು ಕಾಯುತ್ತದೆಂದು ನಂಬಿದ ಬಿಸಿಲೇ ಉಣ್ಣಿಯನ್ನು ನಮ್ಮ ಹಾಸಿಗೆಗೆ ಅಟ್ಟುತ್ತಿರಬಹುದು.

"ಹಾಗಿದ್ದರೆ ಅಂಕಿ ತೋರಿಸಿ" ಎಂಬುದು ಮುಂದಿನ ಸವಾಲು. ಅಂಕಿ ಎಲ್ಲಿಂದ ಬರುತ್ತದೆ? ಪರೀಕ್ಷೆಯಿಂದ. ಪರೀಕ್ಷೆಗೆ ಕಳಿಸುವವರು ಯಾರು? ಅನುಮಾನ ಬಂದ ವೈದ್ಯರು. ಕಾಡಿಲ್ಲದ ಊರಲ್ಲಿ ಈ ರೋಗವಿಲ್ಲ ಎಂದು ಮೊದಲೇ ತೀರ್ಮಾನಿಸಿದ ಮೇಲೆ ಅನುಮಾನ ಹುಟ್ಟದು, ಪರೀಕ್ಷೆ ನಡೆಯದು, ಲೆಕ್ಕ ಸೊನ್ನೆಯಾಗಿಯೇ ಉಳಿಯುತ್ತದೆ. ಆಮೇಲೆ ಆ ಸೊನ್ನೆಯನ್ನೇ ಸಾಕ್ಷಿಯಾಗಿ ಎತ್ತಿ ಹಿಡಿಯುತ್ತಾರೆ. ಪರೀಕ್ಷೆಗಳದ್ದೂ ಒಂದು ತೊಡಕಿದೆ. ಅಗ್ಗಕ್ಕೆ ಸಿಗುವ ವೀಲ್-ಫೆಲಿಕ್ಸ್ ಪರೀಕ್ಷೆ ಮೊದಲ ವಾರದಲ್ಲಿ ಸಾಮಾನ್ಯವಾಗಿ ಏನನ್ನೂ ತೋರದು; ನಂಬಬಹುದಾದ ಪರೀಕ್ಷೆಗಳು ದೊಡ್ಡ ಪ್ರಯೋಗಾಲಯಗಳಲ್ಲಿವೆ. ವರದಿ ಕೈಗೆ ಬರುವ ಹೊತ್ತಿಗೆ ಮಗು ಗೆದ್ದಿರುತ್ತದೆ ಇಲ್ಲವೇ ಸೋತಿರುತ್ತದೆ. ವರದಿಗೆ ಕಾಯದೆ ಚಿಕಿತ್ಸೆ ಶುರು ಮಾಡಬೇಕಾದ ರೋಗವಿದು. ಅಂಕಿ ಬಂದ ಮೇಲೆ ನಂಬುತ್ತೇನೆ ಎನ್ನುವುದು ಇಲ್ಲಿ ವಿಜ್ಞಾನದ ಮಾತಲ್ಲ, ಕೈಕಟ್ಟಿ ಕೂರಲು ಸಿಕ್ಕ ನೆಪ.

ಈಗ ನಡೆಯುವುದೇನು? ಮಗುವಿಗೆ ಜ್ವರ ಬಂತು. ಊರಿನ ಡಾಕ್ಟರು ಸೂಜಿ ಮಾಡಿದರು, ಸಲೈನ್ ಹಚ್ಚಿದರು. ಇಳಿಯದಿದ್ದರೆ ವಿಡಾಲ್ ಪರೀಕ್ಷೆ. ಹಿಂದೆಂದೋ ಬಂದು ಹೋದ ಸೋಂಕಿಗೂ ಗೆರೆ ತೋರಿಸಬಲ್ಲ ಪರೀಕ್ಷೆ ಅದು. ಒಂದೇ ಸಲದ ವಿಡಾಲ್ ನಂಬಿ ಟೈಫಾಯ್ಡ್ ಎಂದು ತೀರ್ಮಾನಿಸಬಾರದೆಂದು ವೈದ್ಯ ವಿದ್ಯಾರ್ಥಿಗೂ ಗೊತ್ತು. ಆದರೂ ಚೀಟಿಯ ಮೇಲೆ ಟೈಫಾಯ್ಡ್ ಬರುತ್ತದೆ, ಸೆಫ್ಟ್ರಿಯಾಕ್ಸೋನ್ ಶುರುವಾಗುತ್ತದೆ. ದುಬಾರಿ ಔಷಧ, ದೊಡ್ಡ ಹೆಸರು. ರಿಕೆಟ್ಸಿಯಾದ ಮೇಲೆ ಮಾತ್ರ ನಿಷ್ಪ್ರಯೋಜಕ. ಈ ಬ್ಯಾಕ್ಟೀರಿಯಾ ರಕ್ತನಾಳದ ಒಳಗೋಡೆಯ ಜೀವಕೋಶಗಳ ಒಳಗೇ ಮನೆ ಮಾಡುತ್ತದೆ, ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ಬಳಗದ ಯಾವ ಔಷಧಕ್ಕೂ ಜಗ್ಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಚಿಕಿತ್ಸೆ ಸಾಗುತ್ತದೆ.

ಅಷ್ಟರಲ್ಲಿ ಚುಕ್ಕೆ ಏಳುತ್ತದೆ. ಅಜ್ಜಿ ಗೊಬ್ಬರ, ಅಂದರೆ ದಡಾರ, ಎನ್ನುತ್ತಾಳೆ, ದವಾಖಾನೆಯವರು ಡೆಂಗಿ ಎನ್ನುತ್ತಾರೆ, ಕೊಟ್ಟ ಔಷಧಕ್ಕೆ ಎದ್ದ ಅಲರ್ಜಿ ಎಂದು ಇನ್ನೊಬ್ಬರು. ಚುಕ್ಕೆ ಎಲ್ಲಿಂದ ಶುರುವಾಯಿತೆಂದು ಕೇಳುವವರಿಲ್ಲ. ದಡಾರ ಮುಖದಿಂದ ಕೆಳಗಿಳಿಯುತ್ತದೆ. ಈ ಜ್ವರದ ಚುಕ್ಕೆ ಬಹುತೇಕ ಮಣಿಕಟ್ಟು, ಕಣಕಾಲುಗಳಿಂದ ಮೈಗೆ ಹಬ್ಬುತ್ತದೆ, ಅಂಗೈ ಅಂಗಾಲನ್ನೂ ಬಿಡುವುದಿಲ್ಲ. ಕೈಕಾಲು ಬಾತುಕೊಳ್ಳಬಹುದು, ರಕ್ತದ ಪ್ಲೇಟ್‌ಲೆಟ್ ಇಳಿಯಬಹುದು. ತಡವಾದರೆ ರಕ್ತನಾಳಗಳು ಕಟ್ಟಿಕೊಂಡು ಚುಕ್ಕೆ ನೇರಳೆಯಾಗಿ, ಬೆರಳ ತುದಿ, ಕಿವಿಯ ಹಾಲೆ ಕಪ್ಪಾಗಿ ಕೊಳೆಯುವುದೂ ಉಂಟು. ಮೆದುಳು, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಉಣ್ಣಿ ಕಚ್ಚಿದ್ದು ನೆನಪಿದೆಯೇ ಎಂದರೆ ಹೆಚ್ಚಿನವರು ಇಲ್ಲವೆನ್ನುತ್ತಾರೆ. ಅದರಲ್ಲಿ ಆಶ್ಚರ್ಯವಿಲ್ಲ. ಅದು ಕಚ್ಚಿದಾಗ ನೋವಾಗುವುದಿಲ್ಲ, ಮರಿ ಉಣ್ಣಿ ಎಳ್ಳಿಗಿಂತ ಸಣ್ಣದು. ಕಚ್ಚಿದ ಗುರುತಿಲ್ಲ ಎಂದು ರೋಗವನ್ನೇ ತಳ್ಳಿಹಾಕುವುದು ಇನ್ನೊಂದು ಮೋಸ.

ಮದ್ದು ಡಾಕ್ಸಿಸೈಕ್ಲಿನ್. ಅಗ್ಗ, ಹಳೆಯದು, ಸಣ್ಣ ಊರಿನ ಔಷಧಿ ಅಂಗಡಿಯಲ್ಲೂ ಸಿಗುವಂಥದು. ಬೇಗ ಕೊಟ್ಟರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಇಲ್ಲಿಯೂ ಒಂದು ಅಡ್ಡಗೋಡೆ: ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಟ್ಟರೆ ಹಲ್ಲು ಹಳದಿಯಾಗುತ್ತದೆ ಎಂಬ ಭಯ. ಹಳೆಯ ಟೆಟ್ರಾಸೈಕ್ಲಿನ್‌ಗಳಿಂದ ಹಾಗಾದದ್ದು ನಿಜ. ಆ ಕಳಂಕವನ್ನು ಡಾಕ್ಸಿಸೈಕ್ಲಿನ್‌ಗೂ ಮೆತ್ತಿದ್ದೇವೆ. ಅಮೆರಿಕದ ಸಂಶೋಧಕರು ಚಿಕ್ಕಂದಿನಲ್ಲಿ ಡಾಕ್ಸಿಸೈಕ್ಲಿನ್ ಪಡೆದ 58 ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿ 2015ರಲ್ಲಿ ಬರೆದರು: ಅಂಥ ಕಲೆ ಒಬ್ಬರಲ್ಲೂ ಕಾಣಲಿಲ್ಲ. 2018ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಮೂರು ವಾರದವರೆಗೆ ಯಾವ ವಯಸ್ಸಿನ ಮಗುವಿಗೂ ಕೊಡಬಹುದೆಂದು ಒಪ್ಪಿತು. ನಮ್ಮ ಐಸಿಎಂಆರ್ ಕೂಡ 2015ರ ಮಾರ್ಗಸೂಚಿಯಲ್ಲಿ, ರಿಕೆಟ್ಸಿಯಾ ಅನುಮಾನ ಬಂದರೆ ಪ್ರಯೋಗಾಲಯದ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡಿರೆಂದಿದೆ; 45 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಎಷ್ಟು ಕೊಡಬೇಕೆಂಬುದನ್ನೂ ಲೆಕ್ಕಹಾಕಿ ಕೊಟ್ಟಿದೆ. ಗರ್ಭಿಣಿಯರಿಗೆ ಅಜಿಥ್ರೊಮೈಸಿನ್ ಇದೆ. ಕಾಗದದ ಮೇಲೆ ಎಲ್ಲವೂ ಇದೆ. ಬಾರದ ಕಲೆಗೆ ಹೆದರಿ ಬರಬಹುದಾದ ಸಾವನ್ನು ಎದುರು ನೋಡುವುದು ಯಾವ ಎಚ್ಚರಿಕೆ?

ಹೀಗೆ ಹೇಳಿದರೆ ಜ್ವರ ಬಂದವರಿಗೆಲ್ಲ ಆಂಟಿಬಯಾಟಿಕ್ ನುಂಗಿಸುತ್ತಾರೆ ಎಂಬ ಆಕ್ಷೇಪ ತೂಕದ್ದು, ಉತ್ತರಿಸಲೇಬೇಕು. ಅಂಗಡಿಯಿಂದ ತಾವೇ ತಂದು ಕೊಡಿ ಎಂದು ಪಾಲಕರಿಗೆ ಇಲ್ಲಿ ಯಾರೂ ಹೇಳುತ್ತಿಲ್ಲ. ಡೆಂಗಿ, ಮಲೇರಿಯಾ, ಟೈಫಾಯ್ಡ್ ನಮ್ಮಲ್ಲಿವೆ, ಅವನ್ನೂ ನೋಡಬೇಕು. ಆದರೆ ಆಂಟಿಬಯಾಟಿಕ್ ಸುರಿಯುವುದು ಈಗಾಗಲೇ ನಡೆದಿದೆಯಲ್ಲ! ಗುರಿ ತಿಳಿಯದೆ ಸೂಜಿಯ ಮೇಲೆ ಸೂಜಿ ಕೊಡುವವರು, ಲಕ್ಷಣ ನೋಡಿ ವಾರದ ಮಟ್ಟಿಗೆ ಒಂದು ಗುಳಿಗೆ ಕೊಡುವುದನ್ನು ದುರ್ಬಳಕೆ ಎನ್ನುವಂತಿಲ್ಲ.

ದನದ ವಿಚಾರಕ್ಕೆ ಬರೋಣ. ಉಣ್ಣಿ ಪಶು ವೈದ್ಯರ ಪಾಲು ಎಂದವರು ತಮ್ಮ ಮಾತನ್ನು ತಾವೇ ಕೊನೆಯವರೆಗೆ ಯೋಚಿಸಿಲ್ಲ. ದನಗಳಿಗೆ ಬರುವ ಉಣ್ಣಿ ಜ್ವರದ ಬ್ಯಾಕ್ಟೀರಿಯಾ ಅನಾಪ್ಲಾಸ್ಮಾ ಮಾರ್ಜಿನಾಲೆ. ದಕ್ಷಿಣ ಆಫ್ರಿಕಾದಲ್ಲಿದ್ದ ಆರ್ನಾಲ್ಡ್ ಥೈಲರ್ 1910ರಲ್ಲಿ ಅದನ್ನು ಗುರುತಿಸಿದರು. ಅದು ಕೆಂಪು ರಕ್ತಕಣದ ಅಂಚಿನಲ್ಲಿ ಕೂರುತ್ತದೆ. ಆಕಳು ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿ ಹಳದಿಯಾಗುತ್ತದೆ. ಸಾಲ ಮಾಡಿ ತಂದ ಎಚ್‌ಎಫ್ ಆಕಳು ನಮ್ಮ ಖಿಲಾರಿಗಿಂತ ಬೇಗ ಇದಕ್ಕೆ ಬಲಿಯಾಗುತ್ತದೆ. ಗುಣವಾದ ದನವೂ ರೋಗವನ್ನು ಒಳಗೇ ಇಟ್ಟುಕೊಂಡು ಬೇರೆ ದನಕ್ಕೆ ದಾಟಿಸಬಲ್ಲದು. ಉಣ್ಣಿಯಷ್ಟೇ ಅಲ್ಲ, ಒಂದೇ ಸೂಜಿಯನ್ನು ದನದಿಂದ ದನಕ್ಕೆ ಚುಚ್ಚಿದರೂ ಹರಡುತ್ತದೆ. ಒಂದು ಮಾತು ಸ್ಪಷ್ಟವಾಗಿರಲಿ: ಈ ಅನಾಪ್ಲಾಸ್ಮಾ ಮನುಷ್ಯರಿಗೆ ಹತ್ತುವುದಿಲ್ಲ, ದನದ ಮೈಮೇಲೆ ಗೊಂಚಲು ಗೊಂಚಲಾಗಿ ಕಾಣುವ ಉಣ್ಣಿ ನಾಯಿ ಉಣ್ಣಿಯ ಜಾತಿಯದೂ ಅಲ್ಲ. ದನದ ಉಣ್ಣಿ ಕಂಡೊಡನೆ ಮಗುವಿಗೆ ರೋಗ ಬಂತೆಂದು ಹೆದರಬೇಕಿಲ್ಲ.

ನಾನು ತೋರಿಸಬೇಕೆಂದದ್ದು ಬೇರೆ. ಆಕಳಿಗೆ ಜ್ವರ ಬಂದರೆ ಪಶು ವೈದ್ಯರು ಮೊದಲು ಅದರ ಬಾಲದ ಬುಡ, ಕೆಚ್ಚಲು, ಕಿವಿ ನೋಡುತ್ತಾರೆ. ಉಣ್ಣಿ ಇದೆಯೇ ಎಂದು ಕೇಳುತ್ತಾರೆ. ಅನುಮಾನ ಬಂದರೆ ಆಕ್ಸಿಟೆಟ್ರಾಸೈಕ್ಲಿನ್ ಕೊಡುತ್ತಾರೆ, ಅದೂ ಡಾಕ್ಸಿಸೈಕ್ಲಿನ್ ಬಳಗದ್ದೇ. ನಾಯಿಗೆ ಎರ್ಲಿಕಿಯಾ ಎಂಬ ಉಣ್ಣಿ ಬ್ಯಾಕ್ಟೀರಿಯಾ ತಗಲಿದರೆ ಅದಕ್ಕೂ ಡಾಕ್ಸಿಸೈಕ್ಲಿನ್ ಸಿಗುತ್ತದೆ. ಅದೇ ಮನೆಯ ಮಗುವಿಗೆ ಜ್ವರ ಬಂದಾಗ ಮಾತ್ರ ಉಣ್ಣಿಯ ಪ್ರಶ್ನೆ ಏಳುವುದಿಲ್ಲ. ಒಂದೇ ಅಂಗಳದಲ್ಲಿ ಆಕಳಿಗೆ, ನಾಯಿಗೆ ಸಿಗುವ ಅನುಮಾನ ಮಗುವಿಗೆ ಸಿಗುತ್ತಿಲ್ಲ. ಪಶು ಇಲಾಖೆ, ಆರೋಗ್ಯ ಇಲಾಖೆಗಳ ನಡುವಿನ ಗೋಡೆ ಎಷ್ಟು ದಪ್ಪವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ನಾಯಿಗಳನ್ನು ಕೊಲ್ಲಬೇಕೆ ಎನ್ನುವ ಆತುರಗಾರರೂ ಇದ್ದಾರೆ. ನಾಯಿ ಸತ್ತರೆ ಗೋಡೆಯ ಬಿರುಕಿನ ಉಣ್ಣಿ ಸಾಯುವುದಿಲ್ಲ. ತಿಂಗಳುಗಟ್ಟಲೆ ಹಸಿದು ಬದುಕುವ ಪ್ರಾಣಿ ಅದು, ಮುಂದೆ ಸಿಕ್ಕವರ ಮೇಲೆ ಏರುತ್ತದೆ. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ನಾಯಿ, ದನದ ಮೈಗೆ ಸವರುವುದಂತೂ ಉಣ್ಣಿಗಿಂತ ಮೊದಲು ಪ್ರಾಣಿಯನ್ನೇ ಕೊಲ್ಲಬಹುದು. ಬೇಕಾದದ್ದು ಪಶು ವೈದ್ಯರು ಹೇಳಿದ ಮದ್ದು, ಹೇಳಿದ ಪ್ರಮಾಣ. ಮೈಗೆ ಹಚ್ಚಿದಂತೆಯೇ ಗೋಡೆಯ ಸಂದಿಗೂ, ನಾಯಿ ಮಲಗುವ ಜಾಗಕ್ಕೂ. ಬಿರುಕು ಮೆತ್ತುವುದು ಖರ್ಚಿಲ್ಲದ ಔಷಧ. ಹಿಡಿದ ಉಣ್ಣಿಯನ್ನು ಉಗುರಲ್ಲಿ ಚಿಟಕ್ಕೆನಿಸುವ ಅಭ್ಯಾಸವನ್ನೂ ಬಿಡಬೇಕು, ಒಡೆದ ಹೊಟ್ಟೆಯ ರಸ ಬೆರಳಿನ ಗಾಯದಿಂದ ಒಳಹೋಗಬಲ್ಲದು. ಮೈಗೆ ಕಚ್ಚಿದ್ದನ್ನು ಬೀಡಿಯಿಂದ ಸುಡದೆ, ಸೀಮೆಎಣ್ಣೆ ಹಚ್ಚದೆ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಕೀಳಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಿಗೆ ಬೇಕಾದುದು ದೊಡ್ಡ ಯೋಜನೆಯಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಜ್ವರದ ಚೀಟಿಯಲ್ಲಿ ಒಂದು ಸಾಲು ಸೇರಲಿ: ಮನೆಯಲ್ಲಿ ನಾಯಿ, ದನ, ಕುರಿ ಇವೆಯೇ, ಉಣ್ಣಿ ಕಂಡಿದೆಯೇ? ಹುಚ್ಚುನಾಯಿ ರೋಗದ ಲಸಿಕೆ ಹಾಕಲು ನಾಯಿ ಹಿಡಿದಾಗ ಉಣ್ಣಿಗೂ ಮದ್ದು ಬೀಳಲಿ. ಆಶಾ ಕಾರ್ಯಕರ್ತೆಯರಿಗೆ ಅಂಗೈ ಅಂಗಾಲಿನ ಚುಕ್ಕೆಯ ಚಿತ್ರ ತೋರಿಸಿ ತರಬೇತಿ ಸಿಗಲಿ. ಪಶು ವೈದ್ಯರು ಯಾವ ಓಣಿಯಲ್ಲಿ ಉಣ್ಣಿ ಹೆಚ್ಚಿದೆ ಎಂದು ಬರೆದದ್ದು ಆರೋಗ್ಯ ಕೇಂದ್ರಕ್ಕೂ ತಲುಪಲಿ. ಮಾದರಿಗಳು ಪ್ರಯೋಗಾಲಯಕ್ಕೆ ಹೋಗಲಿ, ಅಂಕಿ ಆಗ ತಾನಾಗಿ ಹುಟ್ಟುತ್ತದೆ. ಪಾಲಕರೂ ಸುಮ್ಮನಿರಬೇಕಿಲ್ಲ. ಮೂರು ದಿನ ಇಳಿಯದ ಜ್ವರಕ್ಕೆ ಚುಕ್ಕೆ ಕೂಡಿದರೆ, ಡಾಕ್ಟರು ಕೇಳದಿದ್ದರೂ ಮನೆಯ ನಾಯಿಯ ಸುದ್ದಿ ತಾವೇ ಹೇಳಲಿ.

ಒಂದು ಪ್ರಶ್ನೆ ಕೇಳಲು, ಮಗುವಿನ ಪಾದ ತಿರುಗಿಸಿ ನೋಡಲು, ಹಳೆಯ ಗುಳಿಗೆಯೊಂದನ್ನು ನೆನಪಿಸಿಕೊಳ್ಳಲು ಹಣವೂ ಬೇಡ, ಆದೇಶವೂ ಬೇಡ. ಇಷ್ಟನ್ನೂ ಮಾಡದೆ ನಮ್ಮ ಜಿಲ್ಲೆಯಲ್ಲಿ ಆ ರೋಗವಿಲ್ಲ ಎನ್ನುವ ಹಕ್ಕು ಯಾರಿಗೂ ಇಲ್ಲ.